ಯಾವುದು ಮೊದಲು ಬಂತು

ನಮ್ಮನೆಗೆ ಫ್ರಿಜ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನನ್ನ ತಂಗಿಗೆ ನೆನಪಿಲ್ಲ. ಆಗ ಅವಳಿಗೆ ಎರಡು ವರ್ಷ. ಅವಳ ಲೆಕ್ಕದಲ್ಲಿ ಫ್ರಿಜ್ ಅನ್ನೋದು ಗೋಡೆ, ಕಿಟಕಿ, ಹೊಸ್ತಿಲಿನ ಹಾಗೆ ಮನೆಯ ಜೊತೆಗೇ ಹುಟ್ಟಿದ ಸಾಮಾನು. ನನಗೆ ಮಾತ್ರ ಫ್ರಿಜ್ ಇಲ್ಲದ ಮನೆ, ಟಿವಿ ಇಲ್ಲದ ಮನೆ, ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂರುತ್ತಿದ್ದ ಮನೆ, ಹೀಗೆ ನಾಲ್ಕೈದು ಮನೆಗಳು ಗೊತ್ತು. ಗೋಡೆ ಅದೇ, ಬಾಗಿಲು ಅದೇ. ಆದರೂ ನಾವಿಬ್ಬರೂ ಬೆಳೆದಿದ್ದು ಒಂದೇ ಮನೆಯಲ್ಲಲ್ಲ ಅಂತ ನನಗೆ ಹೊಳೆದಿದ್ದು ಮೂವತ್ತೆರಡನೇ ವಯಸ್ಸಿನಲ್ಲಿ, ಅದೂ ಒಂದು ವಿಡಿಯೋ ಗೇಮ್ ಆಡುವಾಗ.

ಗೇಮಿನ ಹೆಸರು ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಬಿಡುಗಡೆಯಾಗಿದ್ದು 2020ರ ಮಾರ್ಚ್ 20. ಎರಡು ದಿನಕ್ಕೆ ಜನತಾ ಕರ್ಫ್ಯೂ, ಐದು ದಿನಕ್ಕೆ ಲಾಕ್‌ಡೌನ್. ಇದಕ್ಕಿಂತ ಒಳ್ಳೆ ಮುಹೂರ್ತ ಯಾವ ಜೋಯಿಸರೂ ಇಟ್ಟುಕೊಡುತ್ತಿರಲಿಲ್ಲ. ಮೊದಲ ಆರು ವಾರದಲ್ಲೇ ಪ್ರಪಂಚದಾದ್ಯಂತ 1.3 ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. ನಿಂಟೆಂಡೊ ಕಂಪನಿಯವರು ನಮ್ಮ ದೇಶದಲ್ಲಿ ಅಧಿಕೃತವಾಗಿ ಅಂಗಡಿ ಇಟ್ಟಿರಲಿಲ್ಲ. ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ತಂಗಿ ಡಿಸೆಂಬರ್ ರಜೆಗೆ ಬಂದಾಗ ನನಗೊಂದು ಸ್ವಿಚ್ ತಂದುಕೊಟ್ಟಿದ್ದಳು. ‘ಅಕ್ಕ, ಇದರಲ್ಲಾದ್ರೂ ದಿನಾ ಸಿಗ್ತೀಯ’ ಅಂದಿದ್ದಳು. ಆಮೇಲೆ ಎರಡು ವರ್ಷ ನಾವು ಸಿಕ್ಕಿದ್ದು ನಿಜವಾಗಿಯೂ ಅಲ್ಲಿ ಮಾತ್ರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನೀವೊಂದು ಖಾಲಿ ದ್ವೀಪಕ್ಕೆ ಹೋಗಿ ಇಳಿಯುತ್ತೀರಿ. ಟಾಮ್ ನೂಕ್ ಅನ್ನೋ ವ್ಯಾಪಾರಿ ಒಂದು ಡೇರೆ ಕೊಡುತ್ತಾನೆ. ಒಳಗೆ ಇಡಲು ಒಂದು ಮಡಚುವ ಮಂಚ, ಒಂದು ಲಾಟೀನು, ಒಂದು ರೇಡಿಯೋ. ಅಷ್ಟೇ ಸಂಸಾರ. ಆಮೇಲೆ ಮೀನು ಹಿಡಿದು, ಹಣ್ಣು ಮಾರಿ, ಸಾಲ ತೀರಿಸುತ್ತಾ ಡೇರೆಯನ್ನು ಮನೆ ಮಾಡಿಕೊಳ್ಳಬೇಕು. ಮೊದಲ ಮನೆಗೆ 98,000 ಬೆಲ್ಸ್ ಸಾಲ, ಅದು ತೀರಿದರೆ ಕೋಣೆ ದೊಡ್ಡದು ಮಾಡಲು 1,98,000, ಮತ್ತೊಂದು ಕೋಣೆಗೆ 3,48,000... ಹೀಗೆ ಏರುತ್ತಾ ಕೊನೆಯ ನೆಲಮಾಳಿಗೆಗೆ 24,98,000. ಇದನ್ನೆಲ್ಲಾ ಒಂದು ದಿನ ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಗಣಿತದ ಮೇಷ್ಟ್ರು, ಹಾಸನದಲ್ಲಿ ಹದಿನೈದು ವರ್ಷ ಮನೆ ಸಾಲ ಕಟ್ಟಿದವರು.

‘ಬಡ್ಡಿ ಎಷ್ಟು?’

‘ಬಡ್ಡಿ ಇಲ್ಲಪ್ಪ.’

‘ವಾಯಿದೆ?’

‘ಅದೂ ಇಲ್ಲ. ಆದಾಗ ಕಟ್ಟಬಹುದು.’

‘ಹಂಗಾದ್ರೆ ಅದು ಸಾಲ ಅಲ್ಲ ಕಣಮ್ಮ, ಕೈಗಡ’ ಅಂದರು.

ಸಾಲ ಬಿಡಿ, ನಿಜವಾದ ಆಟ ಇರೋದು ಪೀಠೋಪಕರಣದಲ್ಲಿ. ದ್ವೀಪದ ಅಂಗಡಿಯಲ್ಲಿ ದಿನಕ್ಕೆ ಬೆರಳೆಣಿಕೆಯಷ್ಟು ಸಾಮಾನು. ಬೆಳಗಿನ ಜಾವ 5 ಗಂಟೆಗೆ ಸರಕು ಬದಲು. ಇವತ್ತು ನೋಡಿದ ಮೇಜು ನಾಳೆ ಇರಲ್ಲ. ಅದರ ಮೇಲೆ ಇನ್ನೊಂದು ಕಿರಿಕಿರಿ: ಎಷ್ಟೋ ಸಾಮಾನುಗಳ ಒಂದೇ ಬಣ್ಣ ನಿಮ್ಮ ದ್ವೀಪದ ಅಂಗಡಿಗೆ ಬರುತ್ತದೆ. ನನ್ನ ಅಂಗಡಿಗೆ ಬಿಳಿ ಫ್ರಿಜ್ ಬಂದರೆ ಬರೀ ಬಿಳಿಯೇ. ಕೆಂಪು ಬೇಕಾದರೆ ಕೆಂಪು ಬರುವ ದ್ವೀಪದವರನ್ನು ಪರಿಚಯ ಮಾಡಿಕೊಂಡು, ವಿಮಾನ ಹತ್ತಿ ಹೋಗಬೇಕು. ತಂಗಿಯ ದ್ವೀಪದಲ್ಲಿ ಕೆಂಪು ಬರುತ್ತಿತ್ತು. ಅವಳಿಗೆ ನನ್ನ ಬಿಳಿ ಬೇಕಿತ್ತು. ನಮ್ಮ ಬಾಲ್ಯದಲ್ಲಿ ರಿಬ್ಬನ್ನಿಗೆ ಆಗುತ್ತಿದ್ದ ಎಲ್ಲ ರಾಜಿ ಪಂಚಾಯ್ತಿಗಳೂ ಈ ಫ್ರಿಜ್ಜಿಗೂ ಆದವು.

ನನ್ನ ಹೊಟ್ಟೆಪಾಡಿನ ಬಗ್ಗೆ ಇಲ್ಲಿ ಹೇಳಿಬಿಡಬೇಕು. ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ರಿಲೀಸ್ ಮ್ಯಾನೇಜರ್. ಯಾವ ಫೀಚರ್ ಯಾವ ತಿಂಗಳು ಹೊರಗೆ ಹೋಗಬೇಕು, ಯಾವುದು ಮುಂದಿನ ಕ್ವಾರ್ಟರಿಗೆ ಕಾಯಬೇಕು ಅಂತ ಜಗಳ ಬಿಡಿಸೋದೇ ನನ್ನ ಕೆಲಸ. ಹಾಗಾಗಿ ಈ ಗೇಮಿನವರು ಸಾಮಾನುಗಳನ್ನು ಬಿಡುವ ಕ್ರಮ ನೋಡಿ ನನಗೆ ಕೈ ತುರಿಸುತ್ತಿತ್ತು. ಏಪ್ರಿಲ್ ಮೊದಲ ಹನ್ನೆರಡು ದಿನ ಮೊಟ್ಟೆ ಆಕಾರದ ಕುರ್ಚಿ ಮೇಜುಗಳು. ಮರ ಅಲ್ಲಾಡಿಸಿದರೆ ಮೊಟ್ಟೆ, ಗಾಳ ಹಾಕಿದರೆ ಮೊಟ್ಟೆ, ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಏಪ್ರಿಲ್ ಕೊನೆಗೆ ನಕಲಿ ಪೇಂಟಿಂಗ್ ಮಾರುವ ನರಿ. ಜೂನಿನಲ್ಲಿ ಮದುವೆ ಸಾಮಾನು. ಜುಲೈನಲ್ಲಿ ಸಮುದ್ರಕ್ಕೆ ಧುಮುಕುವ ಅವಕಾಶ, ಅದರ ಜೊತೆ ನೀರುನಾಯಿಯೊಂದು ಮಾಡೋದು ಹೇಳಿಕೊಡುವ ಮತ್ಸ್ಯಕನ್ಯೆಯ ಮಂಚ, ಕಪಾಟು. ಸೆಪ್ಟೆಂಬರ್ ಕೊನೆಗೆ ಕುಂಬಳಕಾಯಿ. ನವೆಂಬರ್ ಅಪ್‌ಡೇಟಿನಲ್ಲಿ ಸಾಮಾನು ಇಡುವ ಉಗ್ರಾಣದ ಮಿತಿ 1,600ರಿಂದ 2,400ಕ್ಕೆ. 2021ರ ಮಾರ್ಚ್ 1ಕ್ಕೆ ಮಾರಿಯೋ ಗೇಮಿನ ಹಸಿರು ಕೊಳವೆಗಳು.

ನನಗೆ ಅರ್ಥವೇ ಆಗದ ಸಂಗತಿ ಒಂದಿತ್ತು. ಅಡುಗೆ ಮನೆಯ ಒಲೆ, ಸಿಂಕು, ಕಟ್ಟೆ ಮೊದಲ ದಿನದಿಂದಲೂ ಇದ್ದವು. ಆದರೆ ಅಡುಗೆ ಇರಲಿಲ್ಲ! ಒಲೆಯ ಹತ್ತಿರ ಹೋಗಿ ಗುಂಡಿ ಒತ್ತಿದರೆ ಉರಿ ಹತ್ತುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಆರುತ್ತಿತ್ತು. ಅಷ್ಟೇ. ನಮ್ಮ ಆಫೀಸಿನಲ್ಲಿ ಇಂಥದ್ದೇನಾದರೂ ರಿಲೀಸ್ ಮಾಡಿದ್ದರೆ ಅವತ್ತೇ ನನ್ನನ್ನು ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇನ್ನು ಕಪ್ಪೆ ಕುರ್ಚಿ. ಈ ಸರಣಿಯ ಹಳೆಯ ಗೇಮುಗಳಲ್ಲಿ ಹಸಿರು ಕಪ್ಪೆಯ ಮುಖದ ಒಂದು ಕುರ್ಚಿ ಇರುತ್ತಿತ್ತು. ನೋಡೋಕೆ ಏನೂ ವಿಶೇಷ ಇಲ್ಲ. ಆದರೆ ಹಳೆಯ ಆಟಗಾರರಿಗೆ ಅದು ಊರಮನೆಯ ಜಗುಲಿ ಇದ್ದ ಹಾಗೆ. ಹೊಸ ಗೇಮಿನಲ್ಲಿ ಅದು ಇರಲಿಲ್ಲ. ಪ್ರತಿ ಅಪ್‌ಡೇಟ್ ಬಂದಾಗಲೂ ಗೇಮಿನ ಫೈಲುಗಳನ್ನು ಬಗೆದು ನೋಡುವ ಒಂದು ಪಂಗಡ ಮುಂದೆ ಏನು ಬರುತ್ತೆ ಅಂತ ಹೇಳುತ್ತಿತ್ತು. ಉಳಿದವರೆಲ್ಲ ಅವರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕಪ್ಪೆ ಕುರ್ಚಿ ಯಾವಾಗ?

ತಂಗಿಗೆ ಕಾಯುವ ಜಾಯಮಾನ ಇಲ್ಲ. ಸ್ವಿಚ್‌ನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರೆ ಗೇಮ್ ಅದನ್ನೇ ನಂಬುತ್ತದೆ. ನಾಳೆಯ ಸರಕು ಇವತ್ತೇ ಅಂಗಡಿಯಲ್ಲಿ. ಹೀಗೆ ಅವಳು ಎರಡು ವಾರದಲ್ಲಿ ಎರಡು ತಿಂಗಳು ಬದುಕಿಬಿಟ್ಟಳು. ನಾನಿನ್ನೂ ಒಂದು ಕೋಣೆಯಲ್ಲಿ ಮರದ ಡಬ್ಬಿಯನ್ನೇ ಸ್ಟೂಲು ಮಾಡಿಕೊಂಡಿದ್ದಾಗ ಅವಳ ಮನೆಗೆ ಮಹಡಿ ಬಂದಿತ್ತು. ಹೋಗಿ ನೋಡಿದೆ. ಎಲ್ಲಾ ಇತ್ತು. ಯಾವುದೂ ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿರಲಿಲ್ಲ.

‘ಇದು ಮೋಸ ಕಣೇ’ ಅಂದೆ.

‘ಏನ್ ಮೋಸ ಅಕ್ಕ, ನನ್ ಗಡಿಯಾರ, ನನ್ ಇಷ್ಟ.’

‘ನಿನಗೇನು, ನೀನು ಕಣ್ಣು ಬಿಟ್ಟಿದ್ದೇ ಫ್ರಿಜ್ ಇರೋ ಮನೇಲಿ.’

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಬಂದುಬಿಟ್ಟಿತು. ಅವಳು ಸುಮ್ಮನಾದಳು. ಆಮೇಲೆ, ‘ಅದಕ್ಕೂ ಇದಕ್ಕೂ ಏನೇ ಸಂಬಂಧ?’ ಅಂದಳು. ಎರಡು ದಿನ ಅವಳ ದ್ವೀಪದ ಗೇಟು ಮುಚ್ಚಿತ್ತು. ಆರು ವರ್ಷ ದೊಡ್ಡವಳಾಗಿ, ಇಲ್ಲದಿರುವುದನ್ನೆಲ್ಲ ಮೊದಲು ನೋಡಿದವಳು ನಾನು ಅನ್ನೋ ಒಂದು ಸಣ್ಣ ಜಂಭ ನನ್ನೊಳಗೆ ಇಷ್ಟು ವರ್ಷ ಹಾಯಾಗಿ ಕೂತಿದೆ ಅಂತ ನನಗೇ ಗೊತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಗಡಿಯಾರ ಎಷ್ಟು ತಿರುಗಿಸಿದರೂ ಕಂಪನಿ ಬಿಡದ ಸಾಮಾನು ಬರುತ್ತಿರಲಿಲ್ಲ. ಮೇ ತಿಂಗಳಲ್ಲೇ ಅವಳು ಅಕ್ಟೋಬರ್ ಕೊನೆಗೆ ಹೋಗಿ ನಿಂತಳು; ಕುಂಬಳಕಾಯಿಯ ಸುಳಿವೇ ಇಲ್ಲ. ಅದು ಕೇಳಿ ನನಗೆ ಖುಷಿಯಾಗಿದ್ದು ನಿಜ.

ಅದೇ ಹೊತ್ತಿಗೆ ಬೆಂಗಳೂರಿನ ನನ್ನ ನಿಜವಾದ ಮನೆಯಲ್ಲಿ ಇದ್ದಿದ್ದು ಒಂದು ಹಾಸಿಗೆ, ಒಂದು ಪ್ಲಾಸ್ಟಿಕ್ ಕುರ್ಚಿ, ಇಂಡಕ್ಷನ್ ಒಲೆ. ಫೆಬ್ರವರಿಯಲ್ಲಿ ಬಾಡಿಗೆಗೆ ಬಂದಿದ್ದೆ, ಲಾಕ್‌ಡೌನ್‌ನಲ್ಲಿ ಡೆಲಿವರಿ ನಿಂತುಹೋಯಿತು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಇಸ್ತ್ರಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂರು ತಿಂಗಳು ಕೆಲಸ ಮಾಡಿದೆ. ಡೆಲಿವರಿ ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ಕೂತು ಸೋಫಾ, ಮಂಚ, ಡೈನಿಂಗ್ ಟೇಬಲ್, ವಾರ್ಡ್‌ರೋಬ್, ಪುಸ್ತಕದ ಶೆಲ್ಫ್ ಎಲ್ಲವನ್ನೂ ಇಎಂಐ ಮೇಲೆ ಆರ್ಡರ್ ಮಾಡಿದೆ. ಒಂದೇ ವಾರದಲ್ಲಿ ಮನೆ ತುಂಬಿತು. ಯಾವುದು ಮೊದಲು ಬಂತು ಅಂತ ಈಗ ಕೇಳಿದರೆ ನಾನೂ ತಂಗಿಯ ಹಾಗೇ ಕಣ್ಣು ಕಣ್ಣು ಬಿಡಬೇಕು.

ಈ ಗೇಮಿನ ಮೂಲದ ಬಗ್ಗೆ ಒಂದು ವಿಷಯ ಓದಿದ್ದೆ. ಇದನ್ನು ಕಲ್ಪಿಸಿಕೊಂಡವರಲ್ಲಿ ಪ್ರಮುಖರಾದ ಕತ್ಸುಯಾ ಎಗುಚಿ, ಟೋಕಿಯೋ ಪಕ್ಕದ ಚಿಬಾದಿಂದ ಕೆಲಸಕ್ಕಾಗಿ ಕ್ಯೋಟೊಗೆ ಬಂದವರು. ಮನೆಯವರನ್ನು, ಸ್ನೇಹಿತರನ್ನು ಬಿಟ್ಟು ಬಂದ ಆ ಒಂಟಿತನವೇ ಗೇಮಿನ ಬೀಜ ಅಂತ ಅವರೇ ಹೇಳಿಕೊಂಡಿದ್ದಾರೆ. 2001ರಲ್ಲಿ ಜಪಾನಿನಲ್ಲಿ ಮೊದಲ ಗೇಮ್ ಬಂತು. ಹಾಸನದಿಂದ, ದಾವಣಗೆರೆಯಿಂದ, ಗುಲ್ಬರ್ಗದಿಂದ ಒಂದು ಸೂಟ್‌ಕೇಸ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು ಪಿಜಿ ಹುಡುಕಿದ ನಮಗೆ ಆ ಡೇರೆ, ಆ ಮಡಚುವ ಮಂಚ ಯಾಕೆ ಅಷ್ಟು ಪರಿಚಿತ ಅನ್ನಿಸುತ್ತೆ ಅಂತ ಆಗ ತಿಳಿಯಿತು.

2021ರ ಫೆಬ್ರವರಿ ಕೊನೆಯಲ್ಲಿ ಜಪಾನಿನ ಹೆಣ್ಣುಮಕ್ಕಳ ಹಬ್ಬ ಹಿನಮತ್ಸುರಿಯ ಗೊಂಬೆಗಳು ಗೇಮಿಗೆ ಬಂದವು. ಮಾರ್ಚ್ 3ರವರೆಗೆ ಮಾತ್ರ ಕೊಳ್ಳಬಹುದು. ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ರಾಜ ರಾಣಿ ಪಕ್ಕಪಕ್ಕ ಕೂತಿದ್ದರು. ‘ಅಯ್ಯೋ, ಇದು ನಮ್ ಪಟ್ಟದ ಗೊಂಬೆನೇ ಅಲ್ವೇನೇ!’ ಅಂದರು ಅಮ್ಮ. ಅಮ್ಮನ ತವರು ಮೈಸೂರು. ದಸರೆಗೆ ಗೊಂಬೆ ಕೂರಿಸುವಾಗ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಲೇಬೇಕು ಅನ್ನೋದು ಅವರ ಮನೆಯ ಕಟ್ಟಳೆ. ಯಾವ ಗೊಂಬೆ ಯಾವ ವರ್ಷದ್ದು ಅಂತ ಅಮ್ಮನಿಗೆ ಬಾಯಿಪಾಠ. ಆದರೆ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವ ಕೆಲಸ ನಮ್ಮನೆಯಲ್ಲಿ ಅಪ್ಪನದು.

ಆ ನೋಟ್‌ಬುಕ್ಕಿನ ಕಥೆಗೆ ಈಗ ಬರುತ್ತೇನೆ.

2021ರ ಅಕ್ಟೋಬರಿನಲ್ಲಿ ಅಪ್ಪ ಅಮ್ಮ ಹಾಸನದ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬರುವುದು ಅಂತ ತೀರ್ಮಾನವಾಯಿತು. ಅಮ್ಮನ ಮಂಡಿ ನೋವು, ಎರಡು ಲಾಕ್‌ಡೌನ್‌ನಲ್ಲಿ ಇಬ್ಬರೇ ಇದ್ದಿದ್ದು, ಎಲ್ಲ ಸೇರಿ ಅಪ್ಪನ ಹಟ ಕರಗಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಎರಡು ಬೆಡ್‌ರೂಮು, 900 ಚದರಡಿ. ಹಾಸನದ ಮನೆಯ ಸಾಮಾನಿನಲ್ಲಿ ಅರ್ಧ ಹಿಡಿದರೆ ಹೆಚ್ಚು. ಬಾಡಿಗೆಗೆ ಬರುವವರು ಮನೆ ಪೂರ್ತಿ ಖಾಲಿ ಬೇಕು ಅಂದಿದ್ದರು. ಯಾವುದು ಬರಬೇಕು, ಯಾವುದು ಹೋಗಬೇಕು ಅಂತ ಪಟ್ಟಿ ಮಾಡೋಕೆ ನಾನು ಹಾಸನಕ್ಕೆ ಹೋದೆ. ಲ್ಯಾಪ್‌ಟಾಪಿನಲ್ಲಿ ಸ್ಪ್ರೆಡ್‌ಶೀಟ್ ರೆಡಿ. ನಮ್ಮ ಕಸುಬೇ ಅದಲ್ಲವೇ.

ಅಪ್ಪ ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು. ಒಳಗೆ ಸ್ಕೇಲಿಟ್ಟು ಎಳೆದ ಗೆರೆಗಳು: ಕ್ರಮ ಸಂಖ್ಯೆ, ದಿನಾಂಕ, ವಸ್ತು, ಮೊತ್ತ, ಷರಾ. ಮದುವೆಯಾದ 1985ರಿಂದ ಮನೆಗೆ ಬಂದ ಒಂದೊಂದು ಸಾಮಾನೂ ಅಲ್ಲಿತ್ತು. ನಾನು ಮೂವತ್ಮೂರು ವರ್ಷ ಆ ಮನೆಯ ಮಗಳಾಗಿದ್ದೂ ಅದನ್ನು ನೋಡಿರಲಿಲ್ಲ.

1. ಮಂಚ, ಹೊನ್ನೆ ಮರ. 2. ಆರಾಮ ಕುರ್ಚಿ. 3. ಬೀರು. ಅಲ್ಲಿಂದ ಬೆತ್ತದ ಕುರ್ಚಿ ಎರಡು, ಕಪ್ಪು ಬಿಳುಪು ಟಿವಿ, 14-6-1996ಕ್ಕೆ ಫ್ರಿಜ್. ನನಗೆ ಹಿಡಿಸಿದ್ದು ಷರಾ ಕಾಲಂ. ಬೀರುವಿನ ಮುಂದೆ ‘ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿದ ಹಣ’. ಫ್ರಿಜ್ಜಿನ ಮುಂದೆ ‘ಚೀಟಿ ಎತ್ತಿದ್ದು. ಸಾಗಾಟ 60 ರೂ. ಬೇರೆ’. ಡೈನಿಂಗ್ ಟೇಬಲ್ಲಿನ ಮುಂದೆ ‘ಅರಿಯರ್ಸ್’. ಟಿವಿಯ ಮುಂದೆ ‘ಮಗು ಪಕ್ಕದ ಮನೆಗೆ ಹೋಗಿ ಕಿಟಕಿಯಲ್ಲಿ ನಿಲ್ಲುವುದು ಬೇಡ’. ಆ ಮಗು ನಾನು. ಕಿಟಕಿಯ ಸರಳು ಹಿಡಿದು ನಿಂತಿದ್ದು ನೆನಪಿತ್ತು. ಅಪ್ಪ ಅದನ್ನು ನೋಡಿದ್ದರು ಅಂತ ಗೊತ್ತಿರಲಿಲ್ಲ.

ಹತ್ತಿರದವರೊಬ್ಬರ ಮದುವೆ ಇದ್ದ ವರ್ಷ ಒಂದೂ ಸಾಮಾನಿಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದ ಎರಡು ವರ್ಷ ಖಾಲಿ. 2003ರಲ್ಲಿ ಸ್ವಂತ ಮನೆ, ಆಮೇಲೆ ಒಂದೂವರೆ ಪುಟ ಬರೀ ಬಕೆಟ್ಟು, ಬಲ್ಬು, ಪರದೆ ಕಡ್ಡಿ. 2006ರ ಆಗಸ್ಟಿನಲ್ಲಿ ‘ಕಂಪ್ಯೂಟರ್ ಟೇಬಲ್’. ಕಂಪ್ಯೂಟರ್ 2007ರ ಜನವರಿಯಲ್ಲಿ. ಐದು ತಿಂಗಳು ಆ ಟೇಬಲ್ ಮೇಲೆ ಅಮ್ಮ ಕ್ರೋಶಾ ಹಾಕಿದ ಬಟ್ಟೆ ಹೊದಿಸಿ, ಹೂದಾನಿ ಇಟ್ಟಿದ್ದರು. ಕೀಬೋರ್ಡಿನ ಹಲಗೆ ಎಳೆದು, ಇಲ್ಲದ ಕೀಲಿಗಳ ಮೇಲೆ ತಂಗಿ ಬೆರಳಾಡಿಸುತ್ತಿದ್ದಳು.

‘ಕಂಪ್ಯೂಟರ್ ಇಲ್ದೆ ಟೇಬಲ್ ಯಾಕಪ್ಪ ತಂದ್ರಿ?’

‘ಎರಡೂ ಒಟ್ಟಿಗೆ ಆಗ್ತಿರಲಿಲ್ಲ ಕಣಮ್ಮ. ಟೇಬಲ್ ಬಂದಮೇಲೆ ಕಂಪ್ಯೂಟರ್ ತರದೆ ಇರೋಕೆ ಆಗಲ್ಲ ನೋಡು.’

ಉರಿ ಹತ್ತುವ, ಅಡುಗೆಯಾಗದ ಒಲೆಯನ್ನು ಇಪ್ಪತ್ತು ತಿಂಗಳು ಬೈದಿದ್ದೆನಲ್ಲ. ಅವರ ರಿಲೀಸ್ ಮ್ಯಾನೇಜರೂ ನಮ್ಮಪ್ಪನ ಥರದವರೇ ಇರಬೇಕು ಅನ್ನಿಸಿತು.

ಅಪ್ಪ ನೋಟ್‌ಬುಕ್ ಕ್ರಮದಲ್ಲೇ ಓದುತ್ತಾ ಹೋದರು, ನಾನು ‘ಹೂಂ’, ‘ಬೇಡ’ ಅಂತ ಗುರುತು ಹಾಕುತ್ತಾ ಹೋದೆ. ಮಂಚ ಬೇಡ, ಲಿಫ್ಟಿನಲ್ಲಿ ಹಿಡಿಯಲ್ಲ. ಬೀರು ಹೂಂ. ಡೈನಿಂಗ್ ಟೇಬಲ್ ಬೇಡ. ಆರಾಮ ಕುರ್ಚಿಗೆ ಬಂದಾಗ ನಾನು ‘ಜಾಗ ನೋಡಬೇಕಪ್ಪ’ ಅಂದೆ. ಅಪ್ಪ ಏನೂ ಹೇಳದೆ ಮುಂದಿನ ಸಾಲಿಗೆ ಹೋದರು. ಅಮ್ಮ ಅಷ್ಟು ಹೊತ್ತು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ಕೇಳಿದರು.

‘ರೀ, ನಿಮ್ಮ ಪುಸ್ತಕದಲ್ಲಿ ನನ್ನ ಒರಳು ಎಷ್ಟನೇದು?’

ಅಪ್ಪ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಒರಳು ಇರಲಿಲ್ಲ. ಅಮ್ಮನ ತವರಿಂದ ಬಂದ ಒರಳು, ಹಿತ್ತಾಳೆ ಕೊಳಗ, ಪಟ್ಟದ ಗೊಂಬೆ, ನಾವಿಬ್ಬರೂ ಮಲಗಿದ್ದ ತೊಟ್ಟಿಲು, ಯಾವುದೂ ಇರಲಿಲ್ಲ. ದುಡ್ಡು ಕೊಟ್ಟು ತಂದಿದ್ದಕ್ಕೆ ಮಾತ್ರ ಅಲ್ಲಿ ಸಾಲು. ಮೊತ್ತದ ಕಾಲಂನಲ್ಲಿ ಬರೆಯೋಕೆ ಏನೂ ಇಲ್ಲದ್ದು ಪಟ್ಟಿಗೇ ಬಂದಿರಲಿಲ್ಲ.

‘ಅದು... ಮೊದಲಿಂದ ಇತ್ತಲ್ಲ’ ಅಂದರು ಅಪ್ಪ.

‘ಮೊದಲಿಂದ ಏನಿರುತ್ತೆ? ನಾನು ಬಂದಾಗ ಬಂತು’ ಅಂದರು ಅಮ್ಮ. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಅವರೆಕಾಯಿ ಸಿಪ್ಪೆ ಎತ್ತಿಕೊಂಡು ಒಳಗೆ ಹೋದರು.

ಗೇಮಿನಲ್ಲಿ ಒಂದು ಜಾತಿಯ ಸಾಮಾನುಗಳಿವೆ. ಆಗಾಗ ಅಮ್ಮನಿಂದ ಕಾಗದ ಬರುತ್ತದೆ, ಜೊತೆಗೊಂದು ಸಣ್ಣ ಪೊಟ್ಟಣ. ಅಮ್ಮನ ಕುಶನ್, ಅಮ್ಮನ ಟಿಶ್ಯೂ ಡಬ್ಬಿ ಕವರು, ಅಮ್ಮನ ಕಸೂತಿ. ಇವು ಅಂಗಡಿಯಲ್ಲಿ ಸಿಗಲ್ಲ. ಆ ಅಮ್ಮ ಇಡೀ ಗೇಮಿನಲ್ಲಿ ಒಮ್ಮೆಯೂ ಮುಖ ತೋರಿಸುವುದಿಲ್ಲ. ಆ ರಾತ್ರಿ ನನ್ನ ಉಗ್ರಾಣ ತೆಗೆದು ಹುಡುಕಿದೆ. ಎಲ್ಲವೂ ಇದ್ದವು, ಬಂದ ಹಾಗೇ. ಒಂದನ್ನೂ ಹೊರಗಿಟ್ಟಿರಲಿಲ್ಲ. ಮತ್ಸ್ಯಕನ್ಯೆಯ ಮಂಚಕ್ಕೆ ಆ ಕುಶನ್ ಹೊಂದುವುದಿಲ್ಲ ಅಂತ ಇರಬೇಕು.

ಕಂಪನಿಯವರು ಅಕ್ಟೋಬರ್ 15ರಂದು ದೊಡ್ಡ ಅಪ್‌ಡೇಟ್ ಘೋಷಿಸಿದ್ದರು. ನವೆಂಬರ್ 5 ಅಂದವರು ಒಂದು ದಿನ ಮೊದಲೇ ಬಿಟ್ಟರು. ಅಡುಗೆ ಬಂತು. ಪಾರಿವಾಳದ ಕಾಫಿ ಅಂಗಡಿ ಬಂತು. ಉಗ್ರಾಣದ ಮಿತಿ 5,000ಕ್ಕೆ ಏರಿತು. ಕಪ್ಪೆ ಕುರ್ಚಿಯೂ ಬಂತು. ಇಪ್ಪತ್ತು ತಿಂಗಳು ಕಾದಿದ್ದ ನಾನು ಅವತ್ತು ಗೇಮ್ ಆನ್ ಮಾಡಲಿಲ್ಲ. ಹಾಸನದಲ್ಲಿ ಗೋಣಿದಾರ ಕಟ್ಟುತ್ತಿದ್ದೆ.

ಲಾರಿಗೆ ತುಂಬುವುದಕ್ಕೂ ಒಂದು ಕ್ರಮ ಇದೆ. ಮೊದಲು ಹತ್ತಿದ್ದು ಕೊನೆಗೆ ಇಳಿಯುತ್ತದೆ. ಬೀರು, ವಾಷಿಂಗ್ ಮೆಷಿನ್, ಪಾತ್ರೆ ಡಬ್ಬಗಳು ಹತ್ತಿದ ಮೇಲೆ ಹುಡುಗರು ಬಾಗಿಲು ಹಾಕಲು ಹೊರಟರು. ನಾನು ಆರಾಮ ಕುರ್ಚಿ ತೋರಿಸಿದೆ. ‘ಜಾಗ?’ ಅಂದರು ಅಪ್ಪ. ‘ನನ್ನ ಪುಸ್ತಕದ ಶೆಲ್ಫ್ ಒಂದನ್ನ ಮಾರ್ತೀನಿ’ ಅಂದೆ. ಒರಳನ್ನು ಇಬ್ಬರು ಹುಡುಗರು ಶಾಪ ಹಾಕುತ್ತಾ ಹೊತ್ತು ತಂದರು. ಅದು ಕೊನೆಗೆ ಹತ್ತಿ, ಬೆಂಗಳೂರಿನಲ್ಲಿ ಮೊದಲು ಇಳಿಯಿತು. ಈಗ ಎರಡನೇ ಮಹಡಿಯ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಇದೆ. ರುಬ್ಬಿದರೆ ಕೆಳಗಿನ ಮನೆಯವರಿಗೆ ಸದ್ದಾಗುತ್ತದೆ ಅಂತ ಅಮ್ಮ ಅದರ ಮೇಲೆ ಹಲಗೆ ಹಾಕಿ ಕೂತು ಹೂ ಕಟ್ಟುತ್ತಾರೆ.

ಒಂದು ವಾರ ಆದಮೇಲೆ ಗೇಮ್ ತೆರೆದರೆ ತಂಗಿಯ ಕಾಗದ ಬಂದಿತ್ತು, ಜೊತೆಗೆ ಕಪ್ಪೆ ಕುರ್ಚಿ. ‘ಗಡಿಯಾರ ತಿರುಗಿಸಿಲ್ಲ ಅಕ್ಕ, ದೇವ್ರಾಣೆ. ಅಂಗಡೀಲಿ ತಾನಾಗೇ ಬಂತು’ ಅಂತ ಬರೆದಿದ್ದಳು. ಆ ಭಾನುವಾರ ವಿಡಿಯೋ ಕಾಲಿನಲ್ಲಿ ಅವಳಿಗೆ ಹೊಸ ಮನೆ ತೋರಿಸಿದೆ. ಬಾಲ್ಕನಿಗೆ ಬಂದಾಗ ಅವಳು, ‘ಅದೇನೇ ಅದು ಕಲ್ಲು? ಅದು ನಮ್ಮನೇಲಿ ಇತ್ತಾ?’ ಅಂದಳು. ಅಮ್ಮ ನಗುತ್ತಾ, ‘ಕೇಳು ನಿಮ್ಮಪ್ಪನ್ನ’ ಅಂದರು.

ಅಮ್ಮನ ಬಚ್ಚಲಿಗೆ ಅಂತ ನಾನು ಆನ್‌ಲೈನಿನಲ್ಲಿ ಒಂದು ಸ್ಟೂಲ್ ತರಿಸಿದ್ದೆ. ಅದನ್ನು ದಾಖಲಿಸಲು ಅಪ್ಪ ನೋಟ್‌ಬುಕ್ ತೆಗೆದಾಗ ಪಕ್ಕದಿಂದ ಇಣುಕಿ ನೋಡಿದೆ. ಸ್ಟೂಲ್ ಬರೆಯುವ ಮೊದಲು ಅವರು ಮೊದಲ ಪುಟಕ್ಕೆ ಹೋಗಿದ್ದರು. ಮಂಚದ ಸಾಲಿನ ಮೇಲೆ, ಶೀರ್ಷಿಕೆಯ ಕೆಳಗೆ ಉಳಿದಿದ್ದ ಅರ್ಧ ಬೆರಳು ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದ್ದರು. ವಸ್ತು: ಒರಳು. ಮೊತ್ತದ ಕಾಲಂ ಖಾಲಿ. ಷರಾ: ಇವಳ ತೌರಿಂದ. ಒಂದನೇ ನಂಬರು ಆಗಲೇ ಮಂಚಕ್ಕೆ ಹೋಗಿತ್ತಲ್ಲ, ಕ್ರಮ ಸಂಖ್ಯೆಯಲ್ಲಿ 0 ಅಂತ ಹಾಕಿದ್ದರು.